ಆಟಕ್ಕೆ ಬಂದ ಬರಗಾಲ

ಪುಸ್ತಕವನ್ನು ಒಬ್ಬನೇ ಓದಿ ಸುಖಿಸಬಹುದು. ಆಟಕ್ಕೆ ಮಾತ್ರ ಜೊತೆ ಬೇಕು. ನಮ್ಮ ಪಗಡೆಯ ಹಾಸು ಒಂದಿದ್ದರೆ ಸಾಕು, ನಾಲ್ವರು ಸುತ್ತ ಕುಳಿತು ಆಡಿಯಾರು. ಮೇಜಿನ ಮೇಲೆ ಆಡುವ ಇಂದಿನ ಪಾಶ್ಚಾತ್ಯ ಆಟಗಳಲ್ಲಿ ಕೆಲವು ಹಾಗಲ್ಲ. ಪ್ರತಿಯೊಬ್ಬನೂ ತನ್ನ ಸೈನ್ಯವನ್ನೋ ಎಲೆಗಳ ಕಟ್ಟನ್ನೋ ತಾನೇ ಕೊಂಡು ತರಬೇಕು. ಅಂಗಡಿಯಲ್ಲಿ ಸರಕು ತೀರಿದರೆ ಕೊಳ್ಳಲಾಗದವನಿಗೆ ಮಾತ್ರವಲ್ಲ, ಕೊಂಡವನಿಗೂ ನಷ್ಟವೇ, ಅವನಿಗೆ ಎದುರಾಳಿಯಿಲ್ಲ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ ಗೇಮ್ಸ್ ವರ್ಕ್‌ಶಾಪ್ ಎಂಬ ಸಂಸ್ಥೆಯೊಂದುಂಟು. 1975ರಲ್ಲಿ ಮೂವರು ಗೆಳೆಯರು ಲಂಡನ್ನಿನಲ್ಲಿ ಆರಂಭಿಸಿದ ಪುಟ್ಟ ವ್ಯಾಪಾರ ಇಂದು ಬೃಹತ್ತಾಗಿ ಬೆಳೆದಿದೆ. ಅದರ ‘ವಾರ್‌ಹ್ಯಾಮರ್ 40,000’ ಎಂಬ ಯುದ್ಧಕ್ರೀಡೆ ಹುಟ್ಟಿದ್ದು 1987ರಲ್ಲಿ. ಪ್ಲಾಸ್ಟಿಕ್ಕಿನ ಪುಟ್ಟ ಯೋಧರನ್ನು ಕೊಂಡು, ಅಂಟಿಸಿ, ಬಣ್ಣ ಬಳಿದು, ಸೇನೆ ಕಟ್ಟಿ ಆಡುವುದು ಅದರ ಕ್ರಮ. 2020ರ ಜುಲೈ ತಿಂಗಳಲ್ಲಿ ‘ಇಂಡಾಮಿಟಸ್’ ಎಂಬ ಹೊಸ ಪೆಟ್ಟಿಗೆ ಬಂದಿತು. ಒಳಗೆ 61 ಬೊಂಬೆಗಳು. ಮುಂಗಡ ಬೇಡಿಕೆಗೆ ಬಾಗಿಲು ತೆರೆದ ಕೆಲವೇ ನಿಮಿಷಗಳಲ್ಲಿ ದಾಸ್ತಾನು ಬರಿದಾಯಿತು. ಇಂಥ ಸಂದರ್ಭಗಳಲ್ಲಿ ತಿಂಗಳುಗಟ್ಟಲೆ ಹಣ ಕೂಡಿಟ್ಟ ಹುಡುಗ ಬರಿಗೈಯಲ್ಲಿ ನಿಲ್ಲುತ್ತಾನೆ. ಆಟದ ಗಂಧವೇ ಇಲ್ಲದ ದಲ್ಲಾಳಿ ಪೆಟ್ಟಿಗೆಯನ್ನು ಬಿಚ್ಚದೆಯೇ ಹೆಚ್ಚಿನ ಬೆಲೆಗೆ ಮಾರುತ್ತಾನೆ.

ತಯಾರಕರನ್ನು ಸುಮ್ಮನೆ ದೂಷಿಸುವುದೂ ಸಲ್ಲದು. ಬೊಂಬೆಗಳಿಗೆ ಉಕ್ಕಿನ ಅಚ್ಚು ಕೊರೆಯಬೇಕು. ಅದು ದುಬಾರಿಯ ಕೆಲಸ. ಯಂತ್ರಗಳು ಎಣಿಕೆಯವು, ಒಂದು ಬೊಂಬೆಗೆ ಕೊಟ್ಟ ಹೊತ್ತು ಮತ್ತೊಂದಕ್ಕೆ ಇಲ್ಲ. ಹೆಚ್ಚು ಮಾಡಿದರೆ ಗೋದಾಮಿನಲ್ಲಿ ಧೂಳು ಹಿಡಿದೀತೆಂಬ ಭಯ, ಕಡಿಮೆ ಮಾಡಿದರೆ ಗಿರಾಕಿಯ ನಿಟ್ಟುಸಿರು. ಆದರೂ ದಾರಿಯಿಲ್ಲದಿಲ್ಲ. ಆ ಪೆಟ್ಟಿಗೆಯನ್ನೇ ಬಳಿಕ, ಗೊತ್ತಾದ ಅವಧಿಯೊಳಗೆ ಕೇಳಿದವರಿಗೆಲ್ಲ ತಯಾರಿಸಿಕೊಡುವುದಾಗಿ ಸಂಸ್ಥೆ ಸಾರಿತು. ಕಾಯುವುದು ಕಷ್ಟವೇ, ಆದರೆ ಸಿಕ್ಕೀತೆಂಬ ಭರವಸೆಯಿದ್ದವನಿಗೆ ಕಾಯುವಿಕೆ ಅವಮಾನವಾಗುವುದಿಲ್ಲ.

ಇನ್ನೊಂದು ಕಥೆ ಅಮೆರಿಕೆಯದು. ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರಚಿಸಿದ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಎಲೆಯಾಟ 1993ರ ಆಗಸ್ಟಿನಲ್ಲಿ ಹೊರಬಂದಿತು. ಮೊದಲ ಮುದ್ರಣದ ಸುಮಾರು 26 ಲಕ್ಷ ಎಲೆಗಳು ಬೇಗನೆ ಮುಗಿದುಹೋದುವು. 1995ರಲ್ಲಿ ‘ಕ್ರಾನಿಕಲ್ಸ್’ ಎಂಬ ಕಂತಿನಲ್ಲಿ ಕೆಲವು ಹಳೆಯ ಎಲೆಗಳು ಮರುಮುದ್ರಣಗೊಂಡಾಗ ಸಂಗ್ರಾಹಕರು ಕೆರಳಿದರು. ತಮ್ಮ ಗಂಟಿನ ಬೆಲೆ ಇಳಿಯಿತೆಂಬುದು ಅವರ ಅಳಲು. 1996ರಲ್ಲಿ ಪ್ರಕಾಶಕರು ಒಂದು ಪಟ್ಟಿ ಮಾಡಿ, ಅದರಲ್ಲಿನ ಎಲೆಗಳನ್ನು ಮತ್ತೆಂದೂ ಅಚ್ಚು ಹಾಕುವುದಿಲ್ಲವೆಂದು ಮಾತು ಕೊಟ್ಟರು. ಆ ಪಟ್ಟಿಯಲ್ಲಿರುವ ‘ಬ್ಲ್ಯಾಕ್ ಲೋಟಸ್’ ಎಂಬ ಎಲೆಯ ಮೊದಲ ಮುದ್ರಣದ ಪ್ರತಿಯೊಂದು 2021ರಲ್ಲಿ ಐದು ಲಕ್ಷ ಡಾಲರಿಗೂ ಮಿಕ್ಕು ಮಾರಾಟವಾಯಿತು. ಅಂಥ ಎಲೆಯನ್ನು ಕೈಗೆ ತೆಗೆದುಕೊಂಡು ಆಡುವ ಧೈರ್ಯ ಯಾರಿಗೆ ಬಂದೀತು?

ಇಲ್ಲಿರುವುದು ಎರಡು ಆಸೆಗಳ ಜಗಳ. ಆಡುವವನಿಗೆ ವಸ್ತು ಎಲ್ಲರಲ್ಲೂ ಇರಬೇಕು. ಕೂಡಿಡುವವನಿಗೆ ತನ್ನಲ್ಲಿ ಮಾತ್ರ ಇರಬೇಕು. ವ್ಯಾಪಾರಿ ಎರಡನೆಯವನ ಕಡೆ ವಾಲಿದಷ್ಟೂ ಆಟ ಆಸ್ತಿಯಾಗುತ್ತದೆ.

‘ಪ್ರತಿಗಳು ಮುಗಿದಿವೆ’ ಎಂಬ ಮಾತಿನ ಕಹಿ ಕನ್ನಡದ ಓದುಗರಿಗೆ ಹೊಸದಲ್ಲ. ಆದರೆ ನಮಗೆ ಗ್ರಂಥಾಲಯವಿದೆ. ಒಂದೇ ಪ್ರತಿ ನೂರು ಕೈ ದಾಟುತ್ತದೆ. ಆಟಗಾರನಿಗೆ ಆ ಆಸರೆ ವಿರಳ. ಮರುಮುದ್ರಣವೇ ಅವನ ಪಾಲಿನ ನ್ಯಾಯ.