ಅಜ್ಜ ಹೆಸರಿಟ್ಟ ಜಿಗಿಗಾಲು

ಮಕ್ಕಳಿಗೆ ಚಪ್ಪಲಿ ಕೊಳ್ಳುವಾಗ ನಮ್ಮ ಮನೆಗಳಲ್ಲೆಲ್ಲ ಕೇಳಿಬರುವ ಮಾತು ಒಂದೇ: ‘ಬೆಳೆಯೋ ಮಗು, ಒಂದು ಸೈಜ್ ದೊಡ್ಡದೇ ಇರಲಿ.’ ಯೂನಿಫಾರ್ಮಿಗೂ ಅದೇ, ಸೈಕಲ್ಲಿಗೂ ಅದೇ. ಪ್ಯಾಂಟಿನ ಅಂಚನ್ನು ಒಳಗೆ ಮಡಚಿ ಹೊಲಿಸಿ, ವರ್ಷಕ್ಕೊಂದು ಇಂಚು ಬಿಚ್ಚಿಕೊಳ್ಳುತ್ತ ದೊಡ್ಡವರಾದವರು ನಾವು. ಈ ಲೆಕ್ಕಾಚಾರ ಎಲ್ಲ ಕಡೆಯೂ ನಡೆಯುವುದಿಲ್ಲ ಎಂದು ನನಗೆ ಕಲಿಸಿದ್ದು ಒಂದು ಜೊತೆ ಸ್ಪ್ರಿಂಗ್ ಕಾಲುಗಳು. ಕಲಿಯುವ ಹೊತ್ತಿಗೆ ನನ್ನ ಹನ್ನೆರಡು ವರ್ಷದ ಮಗ ಮಣಿಕಟ್ಟು ಉಳುಕಿಸಿಕೊಂಡು ಕೂತಿದ್ದ.

ನಾವಿರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. ಊರಿನ ನಡುವೆ ಥೆರೇಸಿಯನ್‌ವೀಸೆ ಎಂಬ ಬಹುದೊಡ್ಡ ಬಯಲಿದೆ. ಇಲ್ಲಿನ ಹೆಸರುವಾಸಿ ಅಕ್ಟೋಬರ್ ಹಬ್ಬ ನಡೆಯುವುದು ಅಲ್ಲೇ. ಹಬ್ಬವಿಲ್ಲದ ದಿನಗಳಲ್ಲಿ ಅದು ಖಾಲಿ. ಡಾಂಬರು ಹಾಕಿದ ಅಗಲವಾದ ದಾರಿಗಳಲ್ಲಿ ಮಕ್ಕಳು ಸೈಕಲ್, ಸ್ಕೇಟಿಂಗ್ ಕಲಿಯುತ್ತಾರೆ. ಕಳೆದ ಏಪ್ರಿಲ್‌ನ ಒಂದು ಸಂಜೆ ಅಲ್ಲಿ ಹುಡುಗಿಯೊಬ್ಬಳು ನಮ್ಮ ಮುಂದಿನಿಂದ ಹಾರಿಹೋದಳು. ಓಡಿದಳು ಎನ್ನುವಂತಿಲ್ಲ, ಹಾರಿದಳೆಂದೇ ಹೇಳಬೇಕು. ಅವಳ ಮಂಡಿಯ ಕೆಳಗೆ ಹಿಂದಕ್ಕೆ ಬಾಗಿದ ಬಿಲ್ಲಿನಂಥ ಕಾಲುಗಳು. ಒಂದೊಂದು ಹೆಜ್ಜೆಗೂ ಆಳೆತ್ತರದ ನಗು.

‘ಅಪ್ಪಾ, ನಂಗೂ ಬೇಕು’ ಅಂದ ಪುಟ್ಟ.

ನನ್ನ ಜಾಣ ಲೆಕ್ಕ

ಇದಕ್ಕೆ ಜಂಪಿಂಗ್ ಸ್ಟಿಲ್ಟ್ಸ್ ಎನ್ನುತ್ತಾರೆ. ಹೊಸದಕ್ಕೆ ನೂರಾರು ಯೂರೊ. ಹಾಗಾಗಿ ಹಳೆಯದನ್ನು ಹುಡುಕಿದೆ. ಒಬ್ಬರು ಅರ್ಧ ಬೆಲೆಗೆ ಕೊಡಲು ಸಿದ್ಧರಿದ್ದರು. ಅದರ ಮೇಲೆ ‘50–70 ಕಿಲೊ’ ಎಂದು ಬರೆದಿತ್ತು. ‘ನಿಮ್ಮ ಮಗನ ತೂಕ ಎಷ್ಟು?’ ಎಂದು ಅವರು ಕೇಳಿಯೂ ಕೇಳಿದರು. ಪುಟ್ಟನ ತೂಕ 41 ಕಿಲೊ. ‘ಬೆಳೀತಾನೆ ಬಿಡಿ’ ಅಂದೆ. ಎರಡು ವರ್ಷ ಬಾಳಿಕೆ ಬರುತ್ತದಲ್ಲ ಎಂಬ ಸಂತೋಷದಲ್ಲಿ ಮನೆಗೆ ತಂದೆ.

ಮೇ ತಿಂಗಳ ನಡುವೆ ಅಪ್ಪಯ್ಯ ತೀರ್ಥಹಳ್ಳಿಯ ಕಡೆಯ ನಮ್ಮೂರಿನಿಂದ ಬಂದರು. ಅವರಿಗೆ 73 ವರ್ಷ. ಮೊಮ್ಮಗನ ಜೊತೆ ಬೇಸಿಗೆ ಕಳೆಯಲು ಮೂರು ತಿಂಗಳ ವೀಸಾ. ಅವರ ಎದುರೇ ಪುಟ್ಟನ ಅಭ್ಯಾಸ ಶುರುವಾಯಿತು. ಮೊದಲ ಭಾನುವಾರ ಅವನು ಬೇಲಿ ಹಿಡಿದು ದಪ್ ದಪ್ ಎಂದು ನಡೆದ. ಬಿದ್ದ. ಮತ್ತೆ ನಡೆದ. ಆ ಹುಡುಗಿಯ ಹಾಗೆ ಹಾರುವುದಿರಲಿ, ಕಬ್ಬಿಣದ ಬೂಟು ತೊಟ್ಟವನಂತೆ ಕಾಣುತ್ತಿದ್ದ. ಎರಡನೆಯ ಭಾನುವಾರವೂ ಹಾಗೆಯೇ.

ನನಗೆ ಸಹನೆ ತಪ್ಪಿತು. ‘ಭಯ ಬಿಟ್ಟು ಹಾರೋ! ಅಷ್ಟು ದುಡ್ಡು ಕೊಟ್ಟು ತಂದಿದ್ದೀನಿ’ ಅಂದೆ. ಪಕ್ಕದಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರು ತಿರುಗಿ ನೋಡಿದರು. ಕನ್ನಡ ಬಾರದಿದ್ದರೂ ಗದರಿದ್ದು ಯಾರಿಗಾದರೂ ತಿಳಿಯುತ್ತದೆ. ಪುಟ್ಟನ ಮುಖ ಕೆಂಪಾಯಿತು. ಬೇಲಿ ಬಿಟ್ಟು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಹಾರಿದ. ನೆಲ ಮುಟ್ಟಿದಾಗ ಆಯ ತಪ್ಪಿ ಹಿಂದಕ್ಕೆ ಬಿದ್ದ. ಕೈ ಊರಿದ್ದರಿಂದ ಮಣಿಕಟ್ಟಿಗೆ ಏಟು.

ತಲೆಗೆ ಹೆಲ್ಮೆಟ್ ಇತ್ತು, ಮಂಡಿಗೆ ಕವಚ ಇತ್ತು. ಮಣಿಕಟ್ಟಿನ ಕವಚ ಮಾತ್ರ ‘ಆಮೇಲೆ ತಂದರಾಯಿತು’ ಎಂದು ನಾನು ಬಿಟ್ಟಿದ್ದೆ. ಎಕ್ಸ್‌ರೇಯಲ್ಲಿ ಮೂಳೆಗೇನೂ ಆಗಿಲ್ಲ ಎಂದು ತಿಳಿದು ಸಮಾಧಾನವಾಯಿತು. ಮೂರು ವಾರ ಕೈಗೆ ಪಟ್ಟಿ.

ಅಂದು ರಾತ್ರಿ ಪಕ್ಕದ ಕೋಣೆಯಿಂದ ಅವನು ಅಪ್ಪಯ್ಯನ ಬಳಿ ಹೇಳುತ್ತಿದ್ದುದು ಕೇಳಿಸಿತು: ‘ನಾನು ಪುಕ್ಕಲ, ಅಜ್ಜ. ಅದಕ್ಕೇ ನಂಗೆ ಹಾರಕ್ಕಾಗಲ್ಲ.’

ಬಿಲ್ಲು ಬಗ್ಗಲಿಲ್ಲ

ಮರುದಿನ ಬೆಳಿಗ್ಗೆ ಅಪ್ಪಯ್ಯ ಮಂಚದ ಕೆಳಗಿದ್ದ ಸ್ಟಿಲ್ಟ್ಸನ್ನು ಎಳೆದು ಹಜಾರದಲ್ಲಿಟ್ಟುಕೊಂಡು ಕೂತಿದ್ದರು. ಹಿಂದಿನ ಬಿಲ್ಲನ್ನು ಬೆರಳಲ್ಲಿ ತಟ್ಟಿ, ತಿರುಗಿಸಿ ನೋಡಿದರು.

‘ಇದು ಬಗ್ಗಬೇಕಾದದ್ದಲ್ವೇನೋ ಮಾರಾಯ?’

‘ಹೌದು ಅಪ್ಪಯ್ಯ. ಬಗ್ಗಿ ಮೇಲಕ್ಕೆ ಚಿಮ್ಮಿಸುತ್ತೆ.’

‘ನಿನ್ನೆ ನಾನು ಇದನ್ನೇ ನೋಡ್ತಾ ಇದ್ದೆ. ಪುಟ್ಟ ಎಷ್ಟು ಹಾರಿದ್ರೂ ಇದು ಬಗ್ಗಲೇ ಇಲ್ಲ. ಹುಡುಗನ್ನ ಬೈಯೋ ಮೊದಲು ಬಿಲ್ಲನ್ನ ನೋಡಬೇಕಿತ್ತು ನೀನು.’

ನಾನು ಸುಮ್ಮನೆ ನಿಂತೆ. ಅವರು ತಮ್ಮ ಬಾಲ್ಯದ ಮರಗಾಲಿನ ಮಾತು ತೆಗೆದರು. ಮಲೆನಾಡಿನ ಮಳೆಗಾಲದಲ್ಲಿ ಅಂಗಳವೆಲ್ಲ ಕೆಸರು. ಎರಡು ಬಿದಿರಿನ ಗಳಕ್ಕೆ ಕಾಲಿಡಲು ಅಡ್ಡಹಲಗೆ ಕಟ್ಟಿದರೆ ಮಕ್ಕಳಿಗೆ ಅದೇ ವಾಹನ. ‘ನನ್ನ ಅಪ್ಪ ಪ್ರತಿ ವರ್ಷ ಆಯಾ ಹುಡುಗನ ಅಳತೆಗೆ ಹೊಸ ಬಿದಿರು ಕಡೀತಿದ್ರು. ಹಳೇದು ತಮ್ಮನಿಗೆ. ಮುಂದಿನ ವರ್ಷದ ಕಾಲನ್ನ ಈ ವರ್ಷ ಯಾರೂ ಕಟ್ಟಿಕೊಳ್ತಿರಲಿಲ್ಲ.’

ಅಡುಗೆಮನೆಯಿಂದ ಇದನ್ನೆಲ್ಲ ಕೇಳುತ್ತಿದ್ದ ನನ್ನ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ‘ನನ್ನ ತೂಕ 58. ನಾನು ನೋಡ್ಲಾ?’ ಅಂದಳು. ಅಂದು ಸಂಜೆಯೇ ಬಯಲಿಗೆ ಹೋದೆವು. ನಾನು ಒಂದು ಕಡೆ, ಬೇಲಿ ಒಂದು ಕಡೆ. ಅವಳು ನಾಲ್ಕು ಹೆಜ್ಜೆ ಹಾಕಿ ಮೆಲ್ಲಗೆ ಒತ್ತಿದಳು. ಬಿಲ್ಲು ಬಗ್ಗಿತು! ಮೇಲೆದ್ದವಳು ಕೂಗಿದ ಕೂಗಿಗೆ ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಪುಟ್ಟನೂ ನಕ್ಕುಬಿಟ್ಟ.

ಅಲ್ಲೇ ಅವನ ಪಕ್ಕ ಕೂತು ಹೇಳಿದೆ: ‘ನೀನು ಪುಕ್ಕಲ ಅಲ್ಲ ಪುಟ್ಟ. ನಾನು ನಿನ್ನ ತೂಕದ್ದು ತರಲಿಲ್ಲ. ತಪ್ಪು ನನ್ನದು.’

ಕೆಲಸ ಮಾಡುವುದು ಹೇಗೆ?

ಲಾರಿಯ ಹಿಂಗಾಲಿಯ ಮೇಲೆ ಪಟ್ಟಿ ಪಟ್ಟಿಯಾಗಿ ಜೋಡಿಸಿದ ಉಕ್ಕಿನ ಸ್ಪ್ರಿಂಗ್ ಪ್ಲೇಟುಗಳನ್ನು ನೀವು ನೋಡಿರಬಹುದು. ಇಲ್ಲಿಯೂ ಇರುವುದು ಅದೇ ಬಗೆಯ ಪಟ್ಟಿ, ಆದರೆ ಫೈಬರ್‌ಗ್ಲಾಸಿನದು. ಪಾದವಿಡಲು ಒಂದು ತಟ್ಟೆ, ಅದಕ್ಕೆ ಬಿಗಿಯುವ ಪಟ್ಟಿಗಳು. ಮಂಡಿಯ ಕೆಳಗೆ ಕಾಲನ್ನು ಹಿಡಿಯುವ ಒಂದು ಕಟ್ಟು. ಹಿಂದೆ ಬಿಲ್ಲಿನಂತೆ ಬಾಗಿದ ಸ್ಪ್ರಿಂಗ್. ತುದಿಯಲ್ಲಿ ನೆಲ ಹಿಡಿಯಲು ರಬ್ಬರಿನ ಗೊರಸು. ತೊಟ್ಟು ನಿಂತರೆ ನಾವು ಸುಮಾರು ಒಂದೂವರೆ ಅಡಿ ಎತ್ತರವಾಗುತ್ತೇವೆ.

ಮೇಲಿನಿಂದ ಇಳಿದಾಗ ನಮ್ಮ ಭಾರಕ್ಕೆ ಬಿಲ್ಲು ಬಗ್ಗುತ್ತದೆ. ಬೀಳುವಾಗಿನ ಶಕ್ತಿ ಅದರಲ್ಲಿ ಕೂಡಿಕೊಳ್ಳುತ್ತದೆ. ಬಿಲ್ಲು ನೆಟ್ಟಗಾಗುವಾಗ ಆ ಶಕ್ತಿ ನಮ್ಮನ್ನು ಮೇಲಕ್ಕೆ ಎತ್ತುತ್ತದೆ. ಉಯ್ಯಾಲೆ ಜೀಕುವಾಗ ಸರಿಯಾದ ಗಳಿಗೆಗೆ ಸ್ವಲ್ಪ ಸ್ವಲ್ಪವೇ ಬಲ ಸೇರಿಸಿದಂತೆ ಇಲ್ಲಿಯೂ ಪ್ರತಿ ಜಿಗಿತಕ್ಕೆ ಕಾಲಿನ ಬಲ ಸೇರಿಸುತ್ತ ಹೋದರೆ ಎತ್ತರ ಏರುತ್ತದೆ. ಕಾಂಗರೂ ದಣಿಯದೆ ಕುಪ್ಪಳಿಸುವ ಗುಟ್ಟೂ ಇಂಥದ್ದೇ. ಅದರ ಹಿಂಗಾಲಿನ ಉದ್ದನೆಯ ಸ್ನಾಯುರಜ್ಜುಗಳು ರಬ್ಬರಿನಂತೆ ಹಿಗ್ಗಿ ಕುಗ್ಗುತ್ತವೆ.

ಈಗ ನನ್ನ ತಪ್ಪು ನಿಮಗೆ ತಿಳಿದಿರಬೇಕು. ನಮ್ಮ ತೂಕಕ್ಕಿಂತ ಗಟ್ಟಿಯಾದ ಸ್ಪ್ರಿಂಗ್ ಬಗ್ಗುವುದೇ ಇಲ್ಲ. ಆಗ ಅದು ಬರಿಯ ಭಾರದ ಮರಗಾಲು. ತೂಕಕ್ಕಿಂತ ಮೆದುವಾದದ್ದು ಅತಿಯಾಗಿ ಬಗ್ಗಿ, ಮುರಿಯಲೂಬಹುದು.

ಕೆಸರಿನಿಂದ ಒಲಿಂಪಿಕ್ಸ್‌ಗೆ

ಅಪ್ಪಯ್ಯನ ಮರಗಾಲಿಗೆ ಪ್ರಪಂಚದಲ್ಲಿ ಬಹಳ ಬಂಧುಗಳಿದ್ದಾರೆ. ಫ್ರಾನ್ಸಿನ ಲಾಂದ್ ಪ್ರದೇಶ ಹಿಂದೆ ಜೌಗುನೆಲ. ಅಲ್ಲಿನ ಕುರಿಗಾಹಿಗಳು ಮರಗಾಲಿನ ಮೇಲೆಯೇ ಕುರಿ ಕಾಯುತ್ತಿದ್ದರು. ಆ ಕಡೆಯ ಸಿಲ್ವಾಂ ದೊರ್ನೊಂ ಎಂಬಾತ 1891ರಲ್ಲಿ ಪ್ಯಾರಿಸ್‌ನಿಂದ ಮಾಸ್ಕೊಗೆ ಮರಗಾಲಿನಲ್ಲೇ 58 ದಿನಗಳಲ್ಲಿ ನಡೆದುಹೋದ. ನಮ್ಮಲ್ಲಿ ಮರಗಾಲು ಕುಣಿತವೆಂಬ ಜನಪದ ಕಲೆಯೇ ಇದೆ.

ಕಾಲಿಗೆ ಬಿಲ್ಲು ಕಟ್ಟುವ ಯೋಚನೆಯೂ ಹಳೆಯದೇ. ರಷ್ಯಾದ ನಿಕೊಲಸ್ ಯಾಗ್ನ್ ಎಂಬುವರು ನಡೆಯಲು, ಓಡಲು, ಹಾರಲು ನೆರವಾಗುವ ಬಿಲ್ಲಿನಾಕಾರದ ಸ್ಪ್ರಿಂಗ್ ಸಾಧನಕ್ಕೆ 1890ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿದ್ದರು. ಈಗಿನ ರೂಪ ಕೊಟ್ಟವರು ಜರ್ಮನಿಯ ಎಂಜಿನಿಯರ್ ಅಲೆಕ್ಸಾಂಡರ್ ಬೋಕ್. ಅವರ ಸಾಧನಕ್ಕೆ 2004ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಅವರ ಹೆಸರಿನಿಂದಲೇ ಈ ಆಟವನ್ನು ‘ಬೋಕಿಂಗ್’ ಎಂದೂ ಕರೆಯುತ್ತಾರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಮುಕ್ತಾಯ ಸಮಾರಂಭದಲ್ಲಿ ಕಲಾವಿದರು ಇಂಥ ಕಾಲುಗಳನ್ನು ತೊಟ್ಟು ಕುಣಿದಿದ್ದರು.

ಕೊಳ್ಳುವ ಮುನ್ನ

ಎರಡನೆಯ ಬಾರಿ ಕೊಳ್ಳಲು ಹೋದಾಗ ಪುಟ್ಟನನ್ನೂ ತೂಕದ ಯಂತ್ರದ ಚೀಟಿಯನ್ನೂ ಜೊತೆಗೆ ಒಯ್ದೆ. ನಾವು ನೋಡಿದ್ದು ಇವಿಷ್ಟು:

• ತೂಕ: ಸಾಮಾನ್ಯವಾಗಿ 30–50, 50–70, 70–90 ಕಿಲೊ ಎಂಬ ವಿಭಾಗಗಳಿರುತ್ತವೆ. ಇಂದಿನ ತೂಕ ನೋಡಿ ಆರಿಸಿ, ಮುಂದಿನ ವರ್ಷದ್ದಲ್ಲ.

• ಸ್ಪ್ರಿಂಗ್: ಹಳೆಯದಾದರೆ ಬೆಳಕಿಗೆ ಹಿಡಿದು ನೋಡಿ. ಬಿರುಕು, ಬಿಳಿಯ ಗೆರೆ, ಎಳೆ ಎದ್ದ ಅಂಚು ಕಂಡರೆ ಬೇಡ. ಫೈಬರ್‌ಗ್ಲಾಸಿನ ಸಿಬಿರು ಚರ್ಮಕ್ಕೆ ಚುಚ್ಚುತ್ತದೆ, ಬರಿಗೈಯಲ್ಲಿ ಸವರಬೇಡಿ.

• ಹಿಡಿತ: ಬೂಟು ಹಾಕಿಯೇ ತೊಟ್ಟು ನೋಡಿ. ಪಟ್ಟಿ ಬಿಗಿದ ಮೇಲೆ ಪಾದ ಅಲುಗಬಾರದು, ಮಂಡಿಯ ಕಟ್ಟು ಒತ್ತಬಾರದು.

• ಗೊರಸು ಮತ್ತು ಬೋಲ್ಟು: ರಬ್ಬರು ಸವೆದಿದ್ದರೆ ಜಾರುತ್ತದೆ. ಬೋಲ್ಟುಗಳನ್ನು ಪ್ರತಿ ಸಲ ತೊಡುವ ಮೊದಲು ಬಿಗಿ ಮಾಡಿ ನೋಡಿ.

• ಕವಚ: ಹೆಲ್ಮೆಟ್, ಮಂಡಿ, ಮೊಣಕೈ, ಮಣಿಕಟ್ಟು. ನಾಲ್ಕರ ಬೆಲೆಯನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿ. ಸ್ಟಿಲ್ಟ್ಸ್ ಬೇಕಾದರೆ ಒಂದು ತಿಂಗಳು ತಡವಾಗಲಿ.

• ಮಂಡಿ, ಹಿಮ್ಮಡಿ ಅಥವಾ ಬೆನ್ನಿನ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ತೊಡಬೇಡಿ.

ಮೊದಲು ಬೀಳಲು ಕಲಿ

ಕೈಯ ಪಟ್ಟಿ ಬಿಚ್ಚಿದ್ದು ಜೂನ್ ಮೂರನೆಯ ವಾರ. ವೈದ್ಯರು ಆಡಬಹುದು ಎಂದ ಮೇಲೆ ಹೊಸ ಪಾಠ ಶುರುವಾಯಿತು. ಈ ಸಲದ ಮೇಷ್ಟ್ರು ಅಪ್ಪಯ್ಯ.

ಮೊದಲ ಪಾಠ ಹಾರುವುದಲ್ಲ, ಬೀಳುವುದು. ಕಾಲಿಗೆ ಏನೂ ಕಟ್ಟದೆ, ಹುಲ್ಲಿನ ಮೇಲೆ, ಕವಚ ಮಾತ್ರ ತೊಟ್ಟು ಮುಂದಕ್ಕೆ ಬೀಳುವ ಅಭ್ಯಾಸ: ಮೊದಲು ಮಂಡಿ, ಆಮೇಲೆ ಮೊಣಕೈ, ಅಂಗೈ. ಹಿಂದಕ್ಕೆ ಮಾತ್ರ ಬೀಳಕೂಡದು. ಆಯ ತಪ್ಪಿದೆ ಅನ್ನಿಸಿದ ಕೂಡಲೇ ಮೈಯನ್ನು ಮುಂದಕ್ಕೆ ತರಬೇಕು. ಬಿದ್ದ ಮೇಲೆ ಏಳುವುದೂ ಒಂದು ವಿದ್ಯೆ. ಮಂಡಿಯೂರಿ, ಒಂದು ಗೊರಸನ್ನು ಮುಂದೆ ತಂದು, ಎದುರಿಗಿರುವವರ ಎರಡೂ ಕೈ ಹಿಡಿದು ಏಳಬೇಕು.

ಎರಡನೆಯ ಪಾಠ: ‘ನಿಲ್ಲಬೇಡ.’ ಮರಗಾಲಿನ ಮೇಲೂ ಹೀಗೆಯೇ ಅಂತೆ. ಸೈಕಲ್ಲಿನ ಹಾಗೆ ಇದು ಚಲಿಸುತ್ತಿದ್ದರೇ ನಿಲ್ಲುವುದು. ನಿಂತಲ್ಲೇ ಆದರೂ ಎಡ–ಬಲ ಹೆಜ್ಜೆ ಬದಲಿಸುತ್ತಲೇ ಇರಬೇಕು.

ಮೂರನೆಯದು: ‘ಕಾಲು ನೋಡಬೇಡ, ದೂರ ನೋಡು.’ ತಲೆ ತಗ್ಗಿಸಿದರೆ ಮೈ ಬಾಗುತ್ತದೆ, ಮೈ ಬಾಗಿದರೆ ಆಯ ತಪ್ಪುತ್ತದೆ.

ಎತ್ತರದ ಕಟ್ಟೆಯ ಮೇಲೆ ಕೂತು ಕಟ್ಟಿಕೊಂಡು, ಇಬ್ಬದಿಗೂ ದೊಡ್ಡವರನ್ನು ನಿಲ್ಲಿಸಿಕೊಂಡು, ಅರ್ಧ ಗಂಟೆಗಿಂತ ಹೆಚ್ಚಿಲ್ಲದಂತೆ ಆಡಿಸಿದೆವು. ಮಳೆ ಬಂದು ನೆಲ ಒದ್ದೆಯಾದ ದಿನ, ಮರಳು–ಜಲ್ಲಿ ಇರುವ ಕಡೆ, ವಾಹನ ಓಡಾಡುವ ರಸ್ತೆಯಲ್ಲಿ ಆಟವಿಲ್ಲ. ನೋಡಲು ಬರುವ ಪುಟಾಣಿಗಳನ್ನು ಹತ್ತು ಹೆಜ್ಜೆ ದೂರ ನಿಲ್ಲಿಸುವುದು ನನ್ನ ಕೆಲಸ. ಬಗ್ಗಿದ ಬಿಲ್ಲಿನ ನಡುವೆ ಯಾರ ಬೆರಳೂ ಸಿಕ್ಕಬಾರದು.

ನಾಲ್ಕನೆಯ ದಿನ ಪುಟ್ಟ ನಮ್ಮ ಕೈ ಬಿಟ್ಟು ನಡೆದ. ಐದನೆಯ ದಿನ ನಡಿಗೆ ತಾನಾಗಿ ಓಟವಾಯಿತು. ಹಾರು ಎಂದು ಈ ಸಲ ಯಾರೂ ಹೇಳಲಿಲ್ಲ. ಓಡುತ್ತ ಓಡುತ್ತ ಅವನೇ ಎರಡೂ ಕಾಲು ಜೋಡಿಸಿದ. ಬಿಲ್ಲುಗಳು ಬಗ್ಗಿದವು. ಅವನ ಗೊರಸಿನ ಕೆಳಗೆ ಗಾಳಿ ಕಾಣಿಸಿತು. ಒಂದೆರಡು ಅಡಿ ಇರಬಹುದು, ಅಷ್ಟೆ. ಇಳಿದವನು ನನ್ನತ್ತ ನೋಡದೆ ಅಜ್ಜನ ಕಡೆ ತಿರುಗಿದ.

‘ಬಗ್ತು ಅಜ್ಜ!’

‘ನೋಡಿದೆ ಮಾರಾಯ. ಇದು ಮರಗಾಲಲ್ಲ, ಜಿಗಿಗಾಲು’ ಅಂದರು ಅಪ್ಪಯ್ಯ. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಅದೇ ಹೆಸರು.

ಜುಲೈ ನಡುವೆ ಬಯಲಲ್ಲಿ ಹಬ್ಬದ ಡೇರೆಗಳು ಏಳತೊಡಗಿದವು, ನಮ್ಮ ಆಟ ಬೇರೆ ಜಾಗಕ್ಕೆ ಹೋಯಿತು. ಆಗಸ್ಟ್‌ನಲ್ಲಿ ಅಪ್ಪಯ್ಯ ಊರಿಗೆ ಮರಳಿದರು. ಈಗ ಭಾನುವಾರ ಅಮ್ಮ–ಮಗ ಇಬ್ಬರೂ ಜೊತೆಯಾಗಿ ಜಿಗಿಯುತ್ತಾರೆ. ಅಮ್ಮನಿಗೆ 50–70, ಮಗನಿಗೆ 30–50. ಪುಟ್ಟನ ತೂಕ ಈಗ 44 ಕಿಲೊ. ತಿಂಗಳಿಗೊಮ್ಮೆ ನೋಡಿ ಬಾಗಿಲಿನ ಹಿಂದೆ ಬರೆದಿಡುತ್ತಿದ್ದೇನೆ. 50 ದಾಟಿದ ದಿನ ಅಮ್ಮನದು ಅವನ ಪಾಲಿಗೂ ಬರುತ್ತದೆ. ಅವನದನ್ನು ಅಷ್ಟು ತೂಕದ ಬೇರೊಂದು ಮಗುವಿಗೆ ಕೊಡುತ್ತೇವೆ. ಕೊಡುವಾಗ ‘ನಿಮ್ಮ ಮಗುವಿನ ತೂಕ ಎಷ್ಟು?’ ಎಂದು ನಾನೂ ಕೇಳುತ್ತೇನೆ. ‘ಬೆಳೆಯುತ್ತೆ ಬಿಡಿ’ ಎಂದವರಿಗೆ ಮಾತ್ರ ಕೊಡುವುದಿಲ್ಲ.