ತಳ್ಳುಗಾಡಿಯ ದೂರದಲ್ಲಿ ಒಂದು ಬಾಗಿಲು

ಎರಡು ವರ್ಷ ತುಂಬಿದ ಮಗು ಇನ್ನೂ ಮಾತಾಡುತ್ತಿಲ್ಲ. ಮನೆಯಲ್ಲಿ ಯಾರಿಗೂ ಆತಂಕವಿಲ್ಲ. 'ಅವರಪ್ಪನೂ ಮೂರು ತುಂಬಿದ ಮೇಲೇ ಬಾಯಿ ಬಿಟ್ಟಿದ್ದು' ಎನ್ನುತ್ತಾರೆ ಅಜ್ಜಿ. ಹಿಂದಿನಿಂದ ಕೂಗಿದರೆ ಮಗು ತಿರುಗಿ ನೋಡುವುದಿಲ್ಲ, ಹಟಮಾರಿ ಎಂದುಕೊಳ್ಳುತ್ತಾರೆ. ಮೇಲಿಂದ ಮೇಲೆ ನೆಗಡಿಯಾಗಿ ಕಿವಿತಮಟೆಯ ಹಿಂದೆ ನೀರು ನಿಂತಿದೆ, ಮನೆಯವರ ಮಾತೆಲ್ಲ ಗೋಡೆಯಾಚೆಯ ಗುಸುಗುಸುವಿನಂತೆ ಕೇಳಿಸುತ್ತಿದೆ ಎಂಬುದು ಯಾರಿಗೂ ಹೊಳೆದಿಲ್ಲ.

ಬಲ್ಲವರೊಬ್ಬರು ಈ ವಯಸ್ಸಿನಲ್ಲೇ ನೋಡಿದರೆ ಇದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಸರಿಹೋಗುವ ತೊಂದರೆ. ನೋಡುವವರಿಲ್ಲದಿದ್ದರೆ, ಒಂದನೇ ತರಗತಿಗೆ ಹೋಗುವ ಹೊತ್ತಿಗೆ ಮಗುವಿಗೆ ಓರಗೆಯವರಷ್ಟು ಮಾತು ಬಂದಿರುವುದಿಲ್ಲ. ನಾಲ್ಕನೇ ತರಗತಿಗೆ 'ದಡ್ಡ' ಎಂಬ ಹೆಸರು ಅಂಟುತ್ತದೆ. ಎಂಟನೇ ತರಗತಿಗೆ ಶಾಲೆಯ ಮೇಲೆ ಬೇಸರ ಹುಟ್ಟುತ್ತದೆ. ಅಷ್ಟು ಹೊತ್ತಿಗೆ ಆ ಹುಡುಗನಿಗೆ ಮೇಷ್ಟ್ರು, ವೈದ್ಯರು, ಆಪ್ತ ಸಮಾಲೋಚಕರು ಸೇರಿ ದುಡಿದರೂ ಎರಡನೇ ವಯಸ್ಸಿನಲ್ಲಿ ಅರ್ಧ ಗಂಟೆಯಲ್ಲಿ ಗುರುತಿಸಬಹುದಾಗಿದ್ದನ್ನು ಪೂರ್ತಿ ಸರಿಪಡಿಸಲಾಗುವುದಿಲ್ಲ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎಂಬ ಗಾದೆ ನಮ್ಮಲ್ಲಿದೆ. ಉಗುರಿನಲ್ಲಿ ಹೋಗುವಾಗಲೇ ಆ ಕೆಲಸ ಮಾಡಿ ಮುಗಿಸುವುದು ಹೇಗೆ, ಅದಕ್ಕೆ ಊರಿನ ಆಡಳಿತ ದುಡ್ಡು ಹಾಕಬೇಕೇ, ಹಾಕಿದ ದುಡ್ಡು ಏನಾಗುತ್ತದೆ ಎಂಬುದೇ ಈ ಅಧ್ಯಾಯದ ವಿಷಯ.

ಎಳವೆಯ ನೆರವು

ಮಗುವಿನ ಅಥವಾ ಕುಟುಂಬದ ತೊಂದರೆ ಬಲಿಯುವ ಮೊದಲೇ ಹುಡುಕಿ ಕೈಹಿಡಿಯುವುದನ್ನು ಈ ಹೊತ್ತಿಗೆಯಲ್ಲಿ 'ಎಳವೆಯ ನೆರವು' ಎಂದು ಕರೆಯೋಣ. ಐದು ವರ್ಷ ತುಂಬುವಷ್ಟರಲ್ಲಿ ಮಗುವಿನ ಮಿದುಳು ದೊಡ್ಡವರ ಮಿದುಳಿನ ಗಾತ್ರದ ಸುಮಾರು ಶೇ. 90ರಷ್ಟಾಗಿರುತ್ತದೆ. ಮಾತು, ನಡಿಗೆ, ನಂಬಿಕೆ, ಭಯ ಎಲ್ಲದಕ್ಕೂ ತಳಪಾಯ ಬೀಳುವುದು ಆಗಲೇ.

ಆದರೆ ಮಗುವನ್ನು ಮಾತ್ರ ನೋಡಿದರೆ ಸಾಲದು. ಹೆರಿಗೆಯ ನಂತರ ತಾಯಿ ಖಿನ್ನತೆಗೆ ಜಾರಿದ್ದರೆ ಮಗುವಿನ ಜೊತೆ ಮಾತಾಡುವವರು ಯಾರು? ಅಪ್ಪನ ಕೆಲಸ ಹೋಗಿ ಸಾಲ ಏರಿದ್ದರೆ ಆ ಮನೆಯ ಮಾತಿನಲ್ಲಿ ಸಿಡುಕು ಹೆಚ್ಚುತ್ತದೆ. ಗೋಡೆಯಲ್ಲಿ ತೇವ ಹಿಡಿದ ಮನೆಯಲ್ಲಿ ಮಗುವಿಗೆ ಕೆಮ್ಮು ಬಿಡುವುದಿಲ್ಲ. ಇವೆಲ್ಲ ಬೇರೆ ಬೇರೆ ಇಲಾಖೆಗಳ ಕಡತಗಳು. ಮನೆ ಮಾತ್ರ ಒಂದೇ. ಯಾವ ಬೀದಿಯಲ್ಲಿ ಎಳೆ ಮಕ್ಕಳಿದ್ದಾರೆ, ಯಾವ ಮನೆಯ ಬಾಗಿಲು ಹಗಲಿನಲ್ಲೂ ಮುಚ್ಚಿರುತ್ತದೆ ಎಂಬುದು ರಾಜಧಾನಿಯ ಕಚೇರಿಗೆ ತಿಳಿಯುವುದಿಲ್ಲ. ಊರಿನ ಆಡಳಿತಕ್ಕೆ ತಿಳಿಯುತ್ತದೆ, ಇಲ್ಲವೇ ತಿಳಿಯುವ ಹಾದಿಯಾದರೂ ಇರುತ್ತದೆ. ಈ ಕೆಲಸ ಅದರ ಪಾಲಿಗೆ ಬರುವುದು ಈ ಕಾರಣಕ್ಕೆ.

ಇದನ್ನು ದೊಡ್ಡದಾಗಿ ಮಾಡಿ, ನಡುವೆ ಕೈಬಿಟ್ಟು, ಮತ್ತೆ ಅದಕ್ಕೇ ಮರಳಿದ ದೇಶ ಇಂಗ್ಲೆಂಡ್. ಅದರ ಅನುಭವವನ್ನು ಕೊಂಚ ನಿಧಾನವಾಗಿ ನೋಡೋಣ.

ಶ್ಯೂರ್ ಸ್ಟಾರ್ಟ್ ಹುಟ್ಟಿದ್ದು

1998ರಲ್ಲಿ ಟೋನಿ ಬ್ಲೇರ್ ಪ್ರಧಾನಿ, ಗಾರ್ಡನ್ ಬ್ರೌನ್ ಹಣಕಾಸು ಸಚಿವ. ಆ ವರ್ಷದ ವೆಚ್ಚ ಪರಿಶೀಲನೆಯ ಹೊತ್ತಿನಲ್ಲಿ ಎಳೆಯ ಮಕ್ಕಳಿಗಾಗಿ ಸರ್ಕಾರ ಮಾಡುತ್ತಿರುವ ಖರ್ಚನ್ನು ಇಲಾಖೆಗಳ ಗಡಿ ದಾಟಿ ನೋಡುವ ಕೆಲಸ ಹಣಕಾಸು ಇಲಾಖೆಯ ಅರ್ಥಶಾಸ್ತ್ರಜ್ಞ ನಾರ್ಮನ್ ಗ್ಲಾಸ್ ಅವರ ಪಾಲಿಗೆ ಬಂತು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸಿಗುವ ಸೇವೆಗಳು ಚದುರಿಹೋಗಿವೆ, ಊರಿಂದೂರಿಗೆ ಬೇರೆಯಾಗಿವೆ, ಹೆಚ್ಚು ಬೇಕಾದವರಿಗೇ ಕಡಿಮೆ ತಲುಪುತ್ತಿವೆ ಎಂಬುದು ಕಣ್ಣಿಗೆ ಬಿತ್ತು. ಅದರಿಂದ ಹುಟ್ಟಿದ ಯೋಜನೆಯೇ 'ಶ್ಯೂರ್ ಸ್ಟಾರ್ಟ್'. ಮೊದಲ ಮೂರು ವರ್ಷಕ್ಕೆ ಇಂಗ್ಲೆಂಡಿಗೆ 45.2 ಕೋಟಿ ಪೌಂಡ್ ಎತ್ತಿಟ್ಟರು.

ಕೇಂದ್ರಗಳು 1999ರಿಂದ ದೇಶದ ಅತ್ಯಂತ ಬಡ ಬಡಾವಣೆಗಳಲ್ಲಿ ತೆರೆದವು. ಕೇಂದ್ರ ಎಷ್ಟು ದೂರದಲ್ಲಿರಬೇಕು ಎಂಬುದಕ್ಕೆ ಅವರು ಇಟ್ಟುಕೊಂಡ ಅಳತೆ ನನಗೆ ಬಹಳ ಇಷ್ಟ: ತಾಯಿ ಮಗುವಿನ ತಳ್ಳುಗಾಡಿ ತಳ್ಳಿಕೊಂಡು ನಡೆದು ಹೋಗುವಷ್ಟು. ಬಸ್ಸಿಗೆ ಕಾಸಿಲ್ಲದವಳನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಮಾತ್ರ ಹೊಳೆಯುವ ಅಳತೆ ಅದು.

ಯಾವ ಸೇವೆ ಬೇಕು ಎಂಬುದನ್ನು ತೀರ್ಮಾನಿಸುವ ಮಂಡಳಿಯಲ್ಲಿ ಆ ಬಡಾವಣೆಯ ತಾಯ್ತಂದೆಯರೂ ಕೂರುತ್ತಿದ್ದರು. ಹೀಗಾಗಿ ಎರಡು ಕೇಂದ್ರಗಳು ಒಂದೇ ಥರ ಇರಲಿಲ್ಲ. ಮನೆಭೇಟಿ, ಆರೋಗ್ಯ ಸಲಹೆ, ಆಟ ಮತ್ತು ಕಲಿಕೆ, ಹೆತ್ತವರಿಗೆ ಬೆಂಬಲ, ವಿಶೇಷ ಅಗತ್ಯದ ಮಕ್ಕಳಿಗೆ ನೆರವು ಇವಿಷ್ಟು ಮಾತ್ರ ಎಲ್ಲ ಕಡೆ ಇರಲೇಬೇಕಿತ್ತು.

ಬಾಗಿಲ ಒಳಗೆ

ಅಂಥ ಕೇಂದ್ರದ ಒಂದು ಬೆಳಗ್ಗೆ ಹೀಗಿರುತ್ತದೆ. ನೆಲಕ್ಕೆ ದಪ್ಪ ಚಾಪೆ, ಗೋಡೆಗೆ ಒರಗಿಸಿದ ಚಿತ್ರದ ಪುಸ್ತಕಗಳು, ಮೂಲೆಯಲ್ಲಿ ನೀರಿನ ತೊಟ್ಟಿ, ಮರದ ಬಿಲ್ಲೆಗಳು. ಏಳೆಂಟು ತಾಯಂದಿರು, ಒಬ್ಬಿಬ್ಬರು ಅಪ್ಪಂದಿರು, ಒಬ್ಬ ಅಜ್ಜಿ. ಮಕ್ಕಳು ಆಡುತ್ತಾರೆ, ದೊಡ್ಡವರು ಟೀ ಕುಡಿಯುತ್ತಾರೆ. ನೋಡಿದವರಿಗೆ ಇದಕ್ಕೂ ಸರ್ಕಾರದ ದುಡ್ಡು ಬೇಕೇ ಅನ್ನಿಸಬಹುದು.

ಚಾಪೆಯ ಮೇಲೆ ಕೂತಿರುವ ಒಬ್ಬಾಕೆ ಆರೋಗ್ಯ ಸಂದರ್ಶಕಿ, ತರಬೇತಿ ಪಡೆದ ನರ್ಸ್. ಆಕೆಯ ಕೈಯಲ್ಲಿ ಅರ್ಜಿ ನಮೂನೆಯಿಲ್ಲ, ಗಿಲಕಿಯಿದೆ. ಮಗುವಿನ ಬೆನ್ನ ಹಿಂದೆ ಅದನ್ನು ಮೆಲ್ಲಗೆ ಅಲ್ಲಾಡಿಸುತ್ತಾರೆ. ಮಗು ತಿರುಗುತ್ತದೆಯೇ? ಬೆರಳು ತೋರಿಸಿದ ಕಡೆ ನೋಡುತ್ತದೆಯೇ? ಇನ್ನೊಬ್ಬ ತಾಯಿಗೆ ರಾತ್ರಿ ನಿದ್ದೆಯಿಲ್ಲ, ಮಗುವಿನ ಮುಖ ನೋಡಿದರೂ ಏನೂ ಅನ್ನಿಸುತ್ತಿಲ್ಲ. ಡಾಕ್ಟರ ಮುಂದೆ ಹೇಳಲಾಗದ ಈ ಮಾತು ಮೂರನೆಯ ವಾರ ಟೀ ಕುಡಿಯುವಾಗ ತಾನಾಗಿ ಹೊರಬರುತ್ತದೆ. ಪಕ್ಕದ ಕೋಣೆಯಲ್ಲಿ ಮಾತಿನ ತಜ್ಞೆ ಇದ್ದಾರೆ. ಅದರಾಚೆ ಸಾಲ, ಬಾಡಿಗೆ, ಕೆಲಸದ ಬಗ್ಗೆ ಸಲಹೆ ಕೊಡುವವರಿದ್ದಾರೆ.

'ನೀವು ಒಳ್ಳೆಯ ತಾಯಿಯಲ್ಲ' ಎಂಬ ಹಣೆಪಟ್ಟಿಯಿಲ್ಲದೆ ಯಾರು ಬೇಕಾದರೂ ಒಳಗೆ ಬರಬಹುದಾಗಿದ್ದರಿಂದಲೇ ನಿಜವಾಗಿ ಕಷ್ಟದಲ್ಲಿದ್ದವರೂ ಬಂದರು.

ಹರಡಿತು, ತೆಳುವಾಯಿತು

ಜನಪ್ರಿಯವಾದ ಯೋಜನೆ ಎಲ್ಲರಿಗೂ ಬೇಕಾಗುತ್ತದೆ. 2010ರೊಳಗೆ ದೇಶದಲ್ಲಿ 3,500 ಮಕ್ಕಳ ಕೇಂದ್ರಗಳಾಗಬೇಕು ಎಂದು 2004ರಲ್ಲಿ ಸರ್ಕಾರ ಗುರಿ ಇಟ್ಟಿತು. ಸ್ಥಳೀಯ ಮಂಡಳಿಗಳಿಂದ ಹೊಣೆ ಕೌನ್ಸಿಲ್‌ಗಳಿಗೆ, ಅಂದರೆ ಅಲ್ಲಿನ ನಗರಸಭೆ ಮತ್ತು ಜಿಲ್ಲಾಡಳಿತಗಳಿಗೆ ಬಂತು. ಎಳೆಯ ಮಕ್ಕಳ ಕ್ಷೇಮ ಹೆಚ್ಚಿಸುವುದು, ಅವರ ನಡುವಿನ ಅಸಮಾನತೆ ತಗ್ಗಿಸುವುದು ಕೌನ್ಸಿಲ್‌ನ ಕರ್ತವ್ಯ ಎಂದು 2006ರ ಕಾನೂನು ಹೇಳಿತು. 2010ಕ್ಕೆ ಕೇಂದ್ರಗಳ ಸಂಖ್ಯೆ 3,600 ದಾಟಿತು.

ಗುರಿ ಮುಟ್ಟಿತು ನಿಜ. ಆದರೆ ಒಂದೊಂದು ಕೇಂದ್ರದ ಪಾಲಿನ ಹಣ ಮೊದಲಿನಷ್ಟು ಉಳಿಯಲಿಲ್ಲ. ಮನೆಮನೆಗೆ ಹೋಗಿ ಕರೆತರುವ ಕೆಲಸ ಕುಂದಿತು, ಹೆತ್ತವರ ಮಾತಿಗಿದ್ದ ತೂಕ ಇಳಿಯಿತು. ಯೋಜನೆಯನ್ನು ರೂಪಿಸಿದ ನಾರ್ಮನ್ ಗ್ಲಾಸ್ ಅವರೇ 2005ರಲ್ಲಿ ಪತ್ರಿಕೆಯಲ್ಲಿ ಬರೆದು ಈ ಬದಲಾವಣೆಯನ್ನು ಪ್ರಶ್ನಿಸಿದರು.

ಅದೇ ವರ್ಷ ಬಂದ ಮೊದಲ ಮೌಲ್ಯಮಾಪನ ಉತ್ಸಾಹ ತರುವಂತಿರಲಿಲ್ಲ: ಫಲ ಅಷ್ಟಕ್ಕಷ್ಟೇ, ತೀರಾ ಕಷ್ಟದಲ್ಲಿರುವ ಕುಟುಂಬಗಳಿಗೆ ಇನ್ನೂ ಕಡಿಮೆ. 2008ರ ವರದಿ ಒಳ್ಳೆಯ ಸುದ್ದಿ ತಂದಿತು. ಆದರೆ ಬಿತ್ತಿದ ಎರಡು ಮೂರು ವರ್ಷಕ್ಕೇ ತೆಂಗಿನ ಸಸಿಯ ಮುಂದೆ ನಿಂತು ಕಾಯಿ ಎಲ್ಲಿ ಎಂದು ಕೇಳುವ ರೂಢಿ ಆಗಲೇ ಶುರುವಾಗಿತ್ತು.

ಬೀಗ ಬಿದ್ದ ವರ್ಷಗಳು

2010ರಲ್ಲಿ ಸರ್ಕಾರ ಬದಲಾಯಿತು, ಮಿತವ್ಯಯದ ಕಾಲ ಬಂತು. ಅಲ್ಲಿಯವರೆಗೆ ಶ್ಯೂರ್ ಸ್ಟಾರ್ಟ್ ಹಣವನ್ನು ಬೇರೆ ಯಾವುದಕ್ಕೂ ಮುಟ್ಟುವಂತಿರಲಿಲ್ಲ. 2011ರಲ್ಲಿ ಆ ಬೇಲಿ ಕಿತ್ತರು. ಕೌನ್ಸಿಲ್‌ಗಳಿಗೆ ಕೇಂದ್ರ ಸರ್ಕಾರದಿಂದ ಬರುತ್ತಿದ್ದ ಒಟ್ಟು ಅನುದಾನವೂ ಇಳಿಯುತ್ತ ಹೋಯಿತು.

ಕೌನ್ಸಿಲ್‌ನ ಸದಸ್ಯರ ಜಾಗದಲ್ಲಿ ನಿಂತು ನೋಡಿ. ಮನೆಯಲ್ಲಿ ಹಿಂಸೆಗೆ ಸಿಕ್ಕ ಮಗುವನ್ನು ತಂದು ಸಾಕುಮನೆಯಲ್ಲಿ ಇರಿಸುವುದು ಕಾನೂನಿನ ಕಡ್ಡಾಯ. ಅದಕ್ಕೆ ಹಣ ಇಲ್ಲ ಎನ್ನುವಂತಿಲ್ಲ. ಚಾಪೆಯ ಮೇಲೆ ಕೂತು ಗಿಲಕಿ ಆಡಿಸುವ ಕೆಲಸ ಈ ವರ್ಷ ನಿಂತರೆ ಈ ವರ್ಷ ಏನೂ ಆಗುವುದಿಲ್ಲ. ಕತ್ತರಿ ಎಲ್ಲಿಗೆ ಬೀಳುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಎಂಟೊಂಬತ್ತು ವರ್ಷಗಳಲ್ಲಿ ಸುಮಾರು ಸಾವಿರ ಕೇಂದ್ರಗಳು ಮುಚ್ಚಿರಬಹುದು ಎಂದು 2018ರಲ್ಲಿ ಸಟನ್ ಟ್ರಸ್ಟ್ ಅಂದಾಜು ಮಾಡಿತು. ಬೀಗ ಬೀಳದ ಎಷ್ಟೋ ಕೇಂದ್ರಗಳಲ್ಲಿ ವಾರದ ಕೆಲವು ದಿನ ಮಾತ್ರ ದೀಪ ಉರಿಯಿತು.

ಅತ್ತ ಕೊಡಲಿಯ ಖರ್ಚು ಏರಿತು. ಇಂಗ್ಲೆಂಡಿನಲ್ಲಿ ಕೌನ್ಸಿಲ್‌ಗಳ ಆರೈಕೆಯಲ್ಲಿದ್ದ ಮಕ್ಕಳು 2010ರಲ್ಲಿ ಸುಮಾರು 64,000. 2023ರಲ್ಲಿ ಆ ಸಂಖ್ಯೆ 83,000 ದಾಟಿತ್ತು. ಇದಕ್ಕೆ ಕೇಂದ್ರಗಳು ಮುಚ್ಚಿದ್ದೊಂದೇ ಕಾರಣವಲ್ಲ. ಬಡತನ, ಮನೆಗಳ ಅಭಾವ, ಒಬ್ಬಂಟಿಯಾಗಿ ಗಡಿ ದಾಟಿ ಬಂದ ಮಕ್ಕಳು, ಹೀಗೆ ಹಲವು ಕಾರಣಗಳಿವೆ. ಆದರೂ ಮುಂಚೆಯೇ ತಡೆಯಬಹುದಾದ ಕೈಗಳು ಕಡಿಮೆಯಾದ ಕಾಲದಲ್ಲೇ ಈ ಭಾರ ಏರಿತು ಎಂಬುದನ್ನು ಮರೆಯುವಂತಿಲ್ಲ.

ತಡವಾಗಿ ಬಂದ ಉತ್ತರ

ಮೊದಲ ಕೇಂದ್ರಗಳ ಚಾಪೆಯ ಮೇಲೆ ಆಡಿದ ಮಕ್ಕಳು ಬೆಳೆದರು. ಅವರ ಆಸ್ಪತ್ರೆಯ ದಾಖಲೆ, ಪರೀಕ್ಷೆಯ ಅಂಕ, ನ್ಯಾಯಾಲಯದ ಕಡತಗಳನ್ನು ಲಂಡನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಜೋಡಿಸಿ ನೋಡಿತು. ಕೇಂದ್ರದ ಹತ್ತಿರ ಬೆಳೆದವರನ್ನೂ ಅಂಥದೇ ಹಿನ್ನೆಲೆಯಿದ್ದು ಕೇಂದ್ರವಿಲ್ಲದೆ ಬೆಳೆದವರನ್ನೂ ಹೋಲಿಸಿತು.

ಕೇಂದ್ರದ ಹತ್ತಿರ, ಒಂದು ವರ್ಷದ ವಯಸ್ಸಿನಲ್ಲಿ ಆಸ್ಪತ್ರೆಗೆ ದಾಖಲಾಗುವ ಮಕ್ಕಳು ಹೆಚ್ಚಾಗಿದ್ದರು. ಮಕ್ಕಳು ಒಟ್ಟಿಗೆ ಸೇರಿದಾಗ ನೆಗಡಿ ಜ್ವರ ಹಂಚಿಕೊಳ್ಳುತ್ತಾರೆ. ಬಲ್ಲವರು ನೋಡಿದರೆ ಆಸ್ಪತ್ರೆಗೆ ಕಳಿಸುತ್ತಾರೆ. ಆದರೆ ಬೆಳೆದಂತೆ ಲೆಕ್ಕ ತಿರುಗಿತು: 11ರಿಂದ 15 ವರ್ಷದವರಲ್ಲಿ ವರ್ಷಕ್ಕೆ 13,000ಕ್ಕೂ ಹೆಚ್ಚು ಆಸ್ಪತ್ರೆ ದಾಖಲಾತಿ ತಪ್ಪಿತು. ಐದನೇ ವಯಸ್ಸಿನಲ್ಲಿ ವಿಶೇಷ ಅಗತ್ಯ ಇದೆಯೆಂದು ಗುರುತಿಸಿದ ಮಕ್ಕಳು ಹೆಚ್ಚು, ಹದಿನಾರಕ್ಕೆ ಬರುವಾಗ ಕಡಿಮೆ. ಬೇಗ ಕಂಡದ್ದು ಬೇಗ ಸರಿಹೋಗಿತ್ತು.

ಇದಕ್ಕಿಂತ ದೊಡ್ಡ ಉತ್ತರ 2024ರಲ್ಲಿ ಬಂತು. ಕೇಂದ್ರದ ಬಳಿ ಬೆಳೆದ ಬಡ ಮಕ್ಕಳು, ಅಂದರೆ ಶಾಲೆಯಲ್ಲಿ ಉಚಿತ ಊಟ ಪಡೆಯುವವರು, ನಮ್ಮ ಎಸ್ಸೆಸ್ಸೆಲ್ಸಿಗೆ ಸಮನಾದ ಜಿಸಿಎಸ್ಇ ಪರೀಕ್ಷೆಯಲ್ಲಿ ಒಟ್ಟು ಮೂರು ಗ್ರೇಡ್‌ಗಳಷ್ಟು ಮುಂದಿದ್ದರು. ಈ ಲಾಭವೆಲ್ಲ ಬಂದದ್ದು 1999ರಿಂದ 2003ರ ನಡುವೆ ತೆರೆದ ಮೊದಲ ಕೇಂದ್ರಗಳಿಂದ, ಕೈತುಂಬ ಹಣವಿದ್ದು, ಮನೆಮನೆಗೆ ಹೋಗಿ ಕರೆತಂದು, ಹೆತ್ತವರ ಮಾತು ಕೇಳಿದ ಕೇಂದ್ರಗಳಿಂದ. ಹಣ ಹಂಚಿ ತೆಳುವಾದ ಮೇಲೆ ಬಂದ ಕೇಂದ್ರಗಳಲ್ಲಿ ಅಂಥ ಫಲ ಕಾಣಲಿಲ್ಲ. ಹಾಕಿದ ಒಂದು ಪೌಂಡಿಗೆ ಸುಮಾರು ಎರಡು ಪೌಂಡ್ ಮರಳಿದೆ ಎಂದು 2025ರ ವರದಿ ಲೆಕ್ಕ ಕೊಟ್ಟಿತು.

ಆ ಹೊತ್ತಿಗೆ ಎಷ್ಟೋ ಬಾಗಿಲುಗಳು ಮುಚ್ಚಿ ವರ್ಷಗಳಾಗಿದ್ದವು. ಅದೇ ವರ್ಷ ಬ್ರಿಟಿಷ್ ಸರ್ಕಾರ 50 ಕೋಟಿ ಪೌಂಡ್ ಕೊಟ್ಟು, 2028ರೊಳಗೆ ಸಾವಿರದವರೆಗೆ ಹೊಸ ಕುಟುಂಬ ಕೇಂದ್ರಗಳನ್ನು ಎಲ್ಲ ಕೌನ್ಸಿಲ್‌ಗಳ ಮೂಲಕ ತೆರೆಯುವುದಾಗಿ ಘೋಷಿಸಿತು.

ಖರ್ಚು ಒಬ್ಬರದು, ಉಳಿತಾಯ ಇನ್ನೊಬ್ಬರದು

ಇಷ್ಟು ಒಳ್ಳೆಯ ಹೂಡಿಕೆ ಇಷ್ಟು ಸುಲಭವಾಗಿ ಕತ್ತರಿಗೆ ಸಿಕ್ಕಿದ್ದೇಕೆ? ಖರ್ಚು ಕೌನ್ಸಿಲ್‌ನದು, ಉಳಿತಾಯ ಆಸ್ಪತ್ರೆ, ಪೊಲೀಸು, ನ್ಯಾಯಾಲಯ, ತೆರಿಗೆ ಇಲಾಖೆಗಳದು. ಖರ್ಚು ಈ ವರ್ಷದ್ದು. ಲಾಭ ಹದಿನೈದು ವರ್ಷದ ನಂತರದ್ದು. ಸಹಿ ಹಾಕಿದವರು ಆಗ ಅಧಿಕಾರದಲ್ಲಿ ಇರುವುದಿಲ್ಲ. ತಪ್ಪಿಹೋದ ಕಾಯಿಲೆಯ, ನಡೆಯದೆ ಉಳಿದ ಅಪರಾಧದ ಫೋಟೊ ತೆಗೆಯಲು ಬರುವುದಿಲ್ಲ.

ಆದ್ದರಿಂದ ಈ ಹಣಕ್ಕೆ ಮೂರು ರಕ್ಷಣೆ ಬೇಕು. ಬೇರೆಯದಕ್ಕೆ ಮುಟ್ಟಲಾಗದ ಬೇಲಿ. ಚುನಾವಣೆಯಿಂದ ಚುನಾವಣೆಗೆ ಅಲುಗಾಡದ ದೀರ್ಘ ಅವಧಿ. ಲಾಭ ಪಡೆಯುವ ಇಲಾಖೆಗಳಿಂದ ಖರ್ಚಿನಲ್ಲೂ ಒಂದು ಪಾಲು.

ನಮ್ಮ ಬಾಗಿಲು

ನಡೆದು ಹೋಗುವಷ್ಟು ದೂರದ ಬಾಗಿಲು ನಮ್ಮಲ್ಲಿ ಆಗಲೇ ಇದೆ. 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ನೂರು ಕೇಂದ್ರಗಳೊಂದಿಗೆ ಕರ್ನಾಟಕದಲ್ಲಿ ಶುರುವಾದ ಅಂಗನವಾಡಿ ಇಂದು ಹೆಚ್ಚುಕಡಿಮೆ ಎಲ್ಲ ಊರುಗಳಲ್ಲಿದೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ಬಂದು ಮಕ್ಕಳ ತಪಾಸಣೆ ಮಾಡುತ್ತವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕಿವಿ, ಮಾತಿನ ವಿಷಯದಲ್ಲಿ ದೇಶಕ್ಕೇ ಹೆಸರಾದದ್ದು. ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಪಂಚಾಯಿತಿಗೆ ವಹಿಸಬಹುದಾದ ವಿಷಯ ಎಂದು ಸಂವಿಧಾನದ 11ನೇ ಅನುಸೂಚಿ ಹೇಳುತ್ತದೆ.

ಆದರೆ ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಚರಂಡಿ, ಸಿಸಿ ರಸ್ತೆ, ಬೀದಿದೀಪಗಳ ನಡುವೆ ಮಕ್ಕಳಿಗೆ ಜಾಗ ಸಿಗುವುದು ಹೆಚ್ಚಾಗಿ ಕಟ್ಟಡದ ರೂಪದಲ್ಲಿ. ಕಟ್ಟಡ ಬೇಕು, ನೀರು ಶೌಚಾಲಯ ಬೇಕು. ಆದರೆ ಇಂಗ್ಲೆಂಡಿನ ಅನುಭವ ಹೇಳುವುದು ಬೇರೆ: ಫಲ ಕೊಟ್ಟದ್ದು ಕಟ್ಟಡಗಳ ಸಂಖ್ಯೆಯಲ್ಲ, ಒಳಗೆ ಕೂತ ಜನ, ಅವರಿಗೆ ಸಿಕ್ಕ ಸಮಯ, ಮನೆಯ ತನಕ ಹೋದ ಕಾಲುಗಳು.

ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ, ನಗರದಲ್ಲಿದ್ದರೆ ವಾರ್ಡ್ ಸಭೆಯಲ್ಲಿ, ಎದ್ದು ನಿಂತು ನಾಲ್ಕು ಪ್ರಶ್ನೆ ಕೇಳಿ. ನಮ್ಮ ಅಂಗನವಾಡಿಯ ತೂಕದ ಯಂತ್ರ ಸರಿಯಿದೆಯೇ? ತಪಾಸಣಾ ತಂಡ ಕೊನೆಯ ಸಲ ಬಂದದ್ದು ಯಾವಾಗ? ಜಿಲ್ಲಾಸ್ಪತ್ರೆಗೆ ಕಳಿಸಿದ ಮಗು ಅಲ್ಲಿಗೆ ತಲುಪಿತೇ, ಬಸ್ಸಿನ ಖರ್ಚಿಗೆ ಹಿಂದೆ ಸರಿಯಿತೇ? ಈ ವರ್ಷದ ಕ್ರಿಯಾಯೋಜನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಎಷ್ಟು ಹಣವಿದೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಮುಂದಿನ ಸಭೆಯಲ್ಲಿ ಅದೇ ಪುಟ ತೆಗೆಸಿ ಮತ್ತೆ ಕೇಳಿ. ಎರಡು ವರ್ಷದ ಮಗುವಿಗೆ ಗ್ರಾಮಸಭೆಯಲ್ಲಿ ಕೈ ಎತ್ತಲು ಬರುವುದಿಲ್ಲ. ಅದರ ಪರವಾಗಿ ನೀವೇ ಎತ್ತಬೇಕು.