ಕಾಗದದ ಮೇಲಿನ ಕಂದು ಕಲೆ

ಆರ್ಸೆನಿಕ್‌ ಬೆರೆತ ನೀರಿಗೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವೂ ಇಲ್ಲ. ಕುದಿಸಿದರೆ ಹೋಗುವುದೂ ಇಲ್ಲ. ನೀರು ಆವಿಯಾದಂತೆ ಉಳಿದದ್ದರಲ್ಲಿ ವಿಷದ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಇದನ್ನು ಊರಿನ ಬೋರ್‌ವೆಲ್‌ ಪಕ್ಕದಲ್ಲೇ ಹಿಡಿದುಕೊಡುವುದು ಒಂದು ಬಾಟಲಿ, ಒಂದಿಷ್ಟು ಪುಡಿ ಮತ್ತು ಬೆರಳಗಲದ ಬಿಳಿ ಕಾಗದ.

ಈ ಕಾಗದದ ಪೂರ್ವಜ ಹುಟ್ಟಿದ್ದು ಕೋರ್ಟಿನ ಸೋಲಿನಿಂದ. 1830ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಕೆಂಟ್‌ ಪ್ರಾಂತ್ಯದ ಜಾನ್‌ ಬಾಡಲ್‌ ಎಂಬವನ ಮೇಲೆ, ತಾತನ ಕಾಫಿಗೆ ವಿಷ ಹಾಕಿದ ಆರೋಪ ಬಂತು. ರಸಾಯನತಜ್ಞ ಜೇಮ್ಸ್‌ ಮಾರ್ಷ್‌ ಪರೀಕ್ಷೆ ಮಾಡಿ ಆರ್ಸೆನಿಕ್ಕಿನ ಹಳದಿ ಗಸಿ ಕಂಡ. ಆದರೆ ಅದು ವಿಚಾರಣೆಯ ಹೊತ್ತಿಗೆ ಕೆಟ್ಟುಹೋಗಿತ್ತು. ಆರೋಪಿ ಬಿಡುಗಡೆಯಾದ, ಆಮೇಲೆ ತಾನೇ ತಪ್ಪೊಪ್ಪಿಕೊಂಡ. ಕೆಡದ ಸಾಕ್ಷಿಯೇ ಬೇಕೆಂದು ಹಟ ಹಿಡಿದ ಮಾರ್ಷ್‌, ಆರ್ಸೆನಿಕ್ಕನ್ನು ಅನಿಲವಾಗಿಸಿ ಹಿಡಿಯುವ ವಿಧಾನವನ್ನು 1836ರಲ್ಲಿ ಪ್ರಕಟಿಸಿದ. 1879ರಲ್ಲಿ ಗುಟ್‌ಜೈಟ್‌ ಎಂಬ ರಸಾಯನತಜ್ಞ ಅದಕ್ಕೆ ಕಾಗದ ಜೋಡಿಸಿದ.

ಇಂದಿನ ಕಿಟ್‌ನಲ್ಲೂ ತತ್ವ ಅದೇ. ನೀರಿಗೆ ಆಮ್ಲದ ಪುಡಿ ಮತ್ತು ಸತುವಿನ ಪುಡಿ ಹಾಕಿದರೆ ಜಲಜನಕ ಏಳುತ್ತದೆ. ಆರ್ಸೆನಿಕ್‌ ಇದ್ದರೆ ಅದೂ ಅನಿಲವಾಗಿ ಮೇಲೇರಿ, ಮುಚ್ಚಳದಲ್ಲಿ ಸಿಕ್ಕಿಸಿದ ಮರ್ಕ್ಯುರಿಕ್‌ ಬ್ರೋಮೈಡ್‌ ಕಾಗದಕ್ಕೆ ತಾಗುತ್ತದೆ. ಬಿಳಿ ಹಳದಿಯಾಗುತ್ತದೆ, ಹೆಚ್ಚಿದ್ದರೆ ಕಂದು. ಅದನ್ನು ಬಣ್ಣದ ಪಟ್ಟಿಗೆ ಹಿಡಿದು ನೋಡಬೇಕು. ಮುಳ್ಳನ್ನು ಮುಳ್ಳಿನಿಂದಲೇ ತೆಗೆದ ಹಾಗೆ ಇಲ್ಲಿ ವಿಷ ಹಿಡಿಯಲು ಪಾದರಸದ ವಿಷ. ಹೊರಡುವ ಅನಿಲವೂ ಮಾರಕ. ಬಯಲಲ್ಲೇ ಪರೀಕ್ಷಿಸಬೇಕು, ಬಳಸಿದ ಕಾಗದವನ್ನು ತಿಪ್ಪೆಗೆ ಎಸೆಯಬಾರದು.

ನಮ್ಮಲ್ಲೂ ಈ ಕಿಟ್‌ಗೆ ಕೆಲಸವಿದೆ. ಸುರಪುರ ಸೀಮೆಯ ಮಂಗಳೂರಿನ (ಕರಾವಳಿಯದಲ್ಲ) ಸುತ್ತ ಹಿಂದೆ ಚಿನ್ನ ತೆಗೆದ, ಅದಿರಿನೊಂದಿಗೆ ಆರ್ಸೆನಿಕ್ಕೂ ಇರುವ ನೆಲವಿದೆ. ಅಲ್ಲಿನ ಕಿರದಳ್ಳಿ ತಾಂಡಾದ ಜನರ ಚರ್ಮದ ಮೇಲೆ ಆರ್ಸೆನಿಕ್‌ ಬರೆದ ಗುರುತುಗಳನ್ನು ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ್‌ ಚಕ್ರವರ್ತಿ ಮತ್ತು ಸಂಗಡಿಗರು 2013ರ ಪ್ರಬಂಧದಲ್ಲಿ ದಾಖಲಿಸಿದರು. ಕಾಗದದ ಮೇಲೆ ಕಾಣಬೇಕಿದ್ದ ಕಲೆ ಮೈಮೇಲೆ ಕಂಡಿತು ಎಂಬುದೇ ಸಂಕಟ.

ಕಿಟ್‌ನ ಮಿತಿಯೂ ಗೊತ್ತಿರಲಿ. ಕುಡಿಯುವ ನೀರಿನಲ್ಲಿ ಆರ್ಸೆನಿಕ್‌ ಲೀಟರಿಗೆ 10 ಮೈಕ್ರೊಗ್ರಾಂ ದಾಟಬಾರದು. ಆ ಗಡಿಯ ಆಸುಪಾಸಿನ ತಿಳಿಹಳದಿಯನ್ನು ಓದುವಾಗ ಕಣ್ಣು ತಪ್ಪುತ್ತದೆ, ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಲೇಬೇಕು. ಬಾಂಗ್ಲಾದೇಶದಲ್ಲಿ ಲಕ್ಷಗಟ್ಟಲೆ ಕೊಳವೆಬಾವಿ ಪರೀಕ್ಷಿಸಿ, ಅಪಾಯದ್ದಕ್ಕೆ ಕೆಂಪು, ಸುರಕ್ಷಿತವಾದದ್ದಕ್ಕೆ ಹಸಿರು ಬಳಿದರು. ನಮ್ಮ ಗಣಿ ಸೀಮೆಯ ಪಂಚಾಯಿತಿಗಳೂ ಫಲಿತಾಂಶವನ್ನು ಕಡತದೊಳಗೆ ಇಡದೆ ಬೋರ್‌ವೆಲ್‌ ಮೇಲೆಯೇ ಬರೆಸಲಿ.